ಎರಡು ಸಲ ಚಾಚಿದ ಕೈ

ಫೆಬ್ರವರಿ ೬

ಅಕ್ಕಾ,

ಭಾವ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದಾರೆ. ನಾನು ಎತ್ತಿಲ್ಲ. ಎತ್ತಿದರೆ ಬಾಯಿಗೆ ಬಂದದ್ದು ಅಂದುಬಿಡುತ್ತೇನೆ. ಆಮೇಲೆ ನೀನು ‘ನನ್ನ ಮೇಲೆ ಕಿರುಚಿದ’ ಅನ್ನುವ ಒಂದೇ ಮಾತು ಹಿಡಿದುಕೊಂಡು ಉಳಿದದ್ದನ್ನೆಲ್ಲ ಮುಳುಗಿಸಿಬಿಡುತ್ತೀಯ. ಅದಕ್ಕೇ ಕಾಗದ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ಭಾನುವಾರ ಮಧ್ಯಾಹ್ನ ನಿನ್ನ ಹಜಾರದಲ್ಲಿ ಆದದ್ದನ್ನು ಇನ್ನೊಮ್ಮೆ ನೆನೆಸಿಕೋ. ಪೋಕರ್ ಆಟದ ಕೊನೆಗೆ ಉಳಿದವರು ನಾನು ಮತ್ತು ನಿನ್ನ ಮಾವ. ನಿನಗೆ ಮಾವ, ನನಗೆ ಈಗಲೂ ಟೈಪಿಂಗ್ ಮೇಷ್ಟ್ರು. ಅವರ ಶಾಲೆಯಲ್ಲಿ ಎರಡು ಸಲ ಡುಮ್ಕಿ ಹೊಡೆದವನು ಬೇರೆ ಏನೆಂದು ಕರೆಯಲಿ? ನನ್ನ ಕೈಯಲ್ಲಿ ಜೋಡಿ ರಾಜ. ಮೇಜಿನ ಮೇಲೆ ನಾಲ್ಕು ಎಲೆ ಬಿಚ್ಚಿದ್ದವು, ಒಂದು ಬಾಕಿ. ಮೇಷ್ಟ್ರು ಪಣ ಕಟ್ಟಿದರು. ನಾನು ಅದಕ್ಕೆ ಸಮನಾಗಿ ಬಿಲ್ಲೆ ಇಟ್ಟೆ, ಹಾಗೆಯೇ ಕೈ ಹಿಂದೆ ತಂದು ಉಳಿದ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಿದೆ. ಮೇಷ್ಟ್ರು ಎಲೆ ಬಿಸಾಡಲು ಹೊರಟಿದ್ದರು. ಅಷ್ಟರಲ್ಲಿ ಎಲೆ ಹಂಚುತ್ತಿದ್ದ ನೀನು ಕೈ ಅಡ್ಡ ಹಿಡಿದೆ. “ಎರಡು ಸಲ ಕೈ ಚಾಚಿದೆ. ಮೊದಲು ಇಟ್ಟದ್ದಷ್ಟೇ ಲೆಕ್ಕ. ಮಿಕ್ಕಿದ್ದು ವಾಪಸ್ ತಗೋ.”

ತೆಗೆದುಕೊಂಡೆ. ಕೊನೆಯ ಎಲೆ ಕಳಾವರ್ ಬಿತ್ತು, ಮೇಷ್ಟ್ರಿಗೆ ಐದು ಕಳಾವರ್ ಕೂಡಿದವು, ವಾಪಸ್ ತಗೊಂಡ ಬಿಲ್ಲೆಯನ್ನೂ ಆ ಎಲೆಯ ಮೇಲೆ ಕಳೆದು ನಾನು ಮಣ್ಣು ಮುಕ್ಕಿದೆ.

ನಿಯಮ ನನಗೆ ಗೊತ್ತಿಲ್ಲದ್ದಲ್ಲ. ಸ್ವಲ್ಪ ಇಟ್ಟು, ಎದುರಿನವರ ಮುಖ ಓದಿ, ಆಮೇಲೆ ಇನ್ನಷ್ಟು ಇಡುವ ಚಾಲಾಕಿತನ ಬೇಡವೆಂದು ಅಪ್ಪನೇ ಮಾಡಿದ ನಿಯಮ ಅದು. ಆದರೆ ಅದೇ ಮಧ್ಯಾಹ್ನ, ಚಹಾಕ್ಕೆ ಏಳುವ ಮುಂಚೆ, ನಿನ್ನ ಗೆಳತಿ ದಂತವೈದ್ಯೆಯ ಎದುರು ಮೇಷ್ಟ್ರೂ ಅದನ್ನೇ ಮಾಡಿದರು. ಒಂದು ಹಿಡಿ ಇಟ್ಟರು, ಕೈ ಹಿಂದೆ ಹೋಯಿತು, ಮತ್ತೊಂದು ಹಿಡಿ ಬಂತು. ಆಕೆ ಎಲೆ ಬಿಸಾಡಿ ಎದ್ದಳು. ನಾನು ನಿನ್ನ ಮುಖ ನೋಡಿದೆ. ನೀನು ಕನ್ನಡಕ ಒರೆಸಿಕೊಳ್ಳುತ್ತಿದ್ದೆ.

ಗೆದ್ದವರ ಮನೆಗೆ ಒಂದು ವರ್ಷ ಅಪ್ಪನ ಮೇಜು ಹೋಗಬೇಕು. ಅಪ್ಪ ತನ್ನ ಕೈಯಾರೆ ಮಾಡಿದ ಆ ದುಂಡು ಮೇಜು, ಹಸಿರು ಬಟ್ಟೆಯದು. ಹೋದ ವರ್ಷ ಭಾವ ಗೆದ್ದರು, ಈ ವರ್ಷ ನಿನ್ನ ಮಾವ. ಮೇಜು ನಿನ್ನ ಹಜಾರ ಬಿಟ್ಟು ಒಂದಿಂಚೂ ಕದಲಿಲ್ಲ. ಎಷ್ಟು ಚೆಂದ, ಅಲ್ಲವಾ?

ನಿನ್ನ ತಮ್ಮ


ಫೆಬ್ರವರಿ ೧೪

ತಮ್ಮಾ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ನ ಕಾಗದ ಓದಿ ನಗಬೇಕೋ, ಹರಿದು ಒಲೆಗೆ ಹಾಕಬೇಕೋ ತಿಳಿಯಲಿಲ್ಲ.

ನೀನು ಬಂದರಿನಲ್ಲಿ ಕ್ರೇನ್ ನಡೆಸುವವನು. ಆಕಾಶದಲ್ಲಿ ಗಾಜಿನ ಗೂಡಿನೊಳಗೆ ಕೂತು, ಕೆಳಗೆ ನಿಂತವನ ಕೈಸನ್ನೆ ನೋಡಿ ಮನೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ ಎತ್ತುವವನು. ಕೆಳಗಿನವನು ‘ನಿಲ್ಲಿಸು’ ಎಂದು ಕೈ ಮಾಡಿ, ಆಮೇಲೆ ‘ಇಲ್ಲ, ನಾನು ಎತ್ತು ಅಂದದ್ದು’ ಅಂದರೆ ಒಪ್ಪುತ್ತೀಯ? ಯಾರ ತಲೆ ಮೇಲೆ ಬೀಳುತ್ತದೆ ಆ ಪೆಟ್ಟಿಗೆ? ಕೈ ಒಂದೇ ಮಾತಾಡಬೇಕು ಎಂದು ನಿನಗೆ ನಾನು ಹೇಳಿಕೊಡಬೇಕಾ?

ನೀನು ಎರಡು ಸಲ ಕೈ ಚಾಚಿದೆ, ನಾನು ತಡೆದೆ. ಎದುರಿಗೆ ಯಾರೇ ಕೂತಿದ್ದರೂ ತಡೆಯುತ್ತಿದ್ದೆ. ತೀರ್ಪು ಸರಿಯಾಗಿತ್ತು, ಈಗಲೂ ಸರಿಯೇ.

ಆದರೆ ನೀನು ಮಾಡಿದ್ದು? ಬೆಳಗಾಗುವಷ್ಟರಲ್ಲಿ ಹಾಸಿಗೆ ಖಾಲಿ. ಒದ್ದೆ ಟವೆಲ್ಲು ಕುರ್ಚಿಯ ಮೇಲೆ. ನಿನ್ನ ಭಾವ ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣದ ತನಕ ಓಡಿ, ಹೊರಡುವ ಬಸ್ಸುಗಳ ಕಿಟಕಿ ಕಿಟಕಿ ಇಣುಕಿ, ಪೆಚ್ಚು ಮುಖ ಹೊತ್ತು ಬಂದರು. ಮೇಷ್ಟ್ರು ತಿಂಡಿಗೆ ಕೂತು “ಹುಡುಗ ಎಲ್ಲಿ?” ಅಂದರು. ಕೆಲಸದ ಕರೆ ಬಂತು ಅಂದೆ. ನಿನ್ನ ಮೂಗಿನ ತುದಿಯ ಕೋಪಕ್ಕೆ ನಾನು ಸುಳ್ಳು ಹೇಳಬೇಕಾಯಿತು.

ಮೇಜಿನ ಆಸೆಗೆ ನಾನು ತೀರ್ಪು ಕೊಟ್ಟೆ ಎಂದು ಬರೆದಿದ್ದೀಯಲ್ಲ, ಆ ಸಾಲಿಗೆ ನಾಚಿಕೆಯಾಗಬೇಕು ನಿನಗೆ.

ಅಕ್ಕ


ಫೆಬ್ರವರಿ ೨೦

ಅಕ್ಕಾ,

ಎರಡು ಪುಟ ಬರೆದಿದ್ದೀಯ. ಕ್ರೇನು ಬಂತು, ಟವೆಲ್ಲು ಬಂತು, ಭಾವನ ಚಪ್ಪಲಿ ಕೂಡ ಬಂತು. ನಾನು ಕೇಳಿದ ಒಂದು ಮಾತು ಮಾತ್ರ ಬರಲಿಲ್ಲ. ಮೇಷ್ಟ್ರು ಎರಡು ಸಲ ಕೈ ಚಾಚಿದ್ದನ್ನು ನೀನು ನೋಡಿದೆಯೋ ಇಲ್ಲವೋ?

ನೋಡಿದೆ. ಊರಿನವರ ಕನ್ನಡಕಕ್ಕೆ ಮಸೂರ ಕೂರಿಸುವವಳು ನೀನು. ಕೂದಲೆಳೆಯಷ್ಟು ಗೀರು ಬಿದ್ದ ಗಾಜನ್ನೂ ವಾಪಸ್ ಕಳಿಸುವವಳು. ನಿನಗೆ ಕಾಣಲಿಲ್ಲ ಅಂದರೆ ನಾನು ನಂಬಬೇಕಾ?

‘ಎದುರಿಗೆ ಯಾರೇ ಕೂತಿದ್ದರೂ ತಡೆಯುತ್ತಿದ್ದೆ’ ಅಂತೆ. ನನ್ನನ್ನು ತಡೆಯುತ್ತಿದ್ದೆ, ಸರಿ. ಬೇರೆ ಯಾರನ್ನು ತಡೆದೆ, ಒಬ್ಬರ ಹೆಸರು ಹೇಳು ನೋಡೋಣ.

ಇದು ಇಸ್ಪೀಟಿನ ಮಾತಷ್ಟೇ ಅಲ್ಲ. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಹುಡುಗರು ನಮ್ಮ ಕಿಟಕಿ ಗಾಜು ಒಡೆದರೆ ‘ಪಾಪ, ಮಕ್ಕಳು’. ನಾನು ಒಡೆದರೆ ಕಿವಿ ಹಿಂಡುವುದು. ನಿನ್ನ ಮದುವೆಯ ದಿನ ಯಾರೋ ಸಾರು ಚೆಲ್ಲಿದ್ದಕ್ಕೆ ನನಗೆ ಬೈಗುಳ. ಮನೆಗೆ ಮಾರಿ, ಪರರಿಗೆ ಉಪಕಾರಿ. ನನ್ನವನು, ಬೈದರೂ ಎಲ್ಲಿಗೆ ಹೋಗುತ್ತಾನೆ ಎಂಬ ಧೈರ್ಯ ನಿನಗೆ. ಈ ಸಲ ಹೋದೆ, ನೋಡು.

ಹೌದು ಅಥವಾ ಇಲ್ಲ. ಅಷ್ಟೇ ಬರೆ.

ತಮ್ಮ


ಮಾರ್ಚ್ ೧

ತಮ್ಮಾ,

ಅವರು ಹಿರಿಯರು. ಅಷ್ಟು ಸಾಕು. ಎಲ್ಲದಕ್ಕೂ ಒಂದು ಕಾರಣ ಇರುತ್ತದೆ, ಎಲ್ಲ ಕಾರಣವನ್ನೂ ನಿನ್ನ ಮುಂದೆ ಹರಡಿ ಕೂರಲು ನನ್ನಿಂದಾಗದು. ಈ ಮಾತು ಇಲ್ಲಿಗೆ ಬಿಡು. ನಿಜವಾಗಿ ನನ್ನ ಮೇಲೆ ಪ್ರೀತಿ ಇದ್ದರೆ ಬಿಡು.

ಅಂಗಡಿಯಲ್ಲಿ ಕೈತುಂಬ ಕೆಲಸ. ಹೆಚ್ಚು ಬರೆಯಲಾರೆ.

ಅಕ್ಕ


ಮಾರ್ಚ್ ೧೨

ಅಕ್ಕಾ,

‘ಪ್ರೀತಿ ಇದ್ದರೆ ಬಿಡು.’ ನ್ಯಾಯ ಕೇಳಿದವನ ಬಾಯಿ ಮುಚ್ಚಿಸಲು ಇದಕ್ಕಿಂತ ಅಗ್ಗದ ಬಟ್ಟೆ ಸಿಗಲಿಲ್ಲವಾ ನಿನಗೆ? ಹಿರಿಯರಿಗೆ ಒಂದು ಆಟ, ಕಿರಿಯರಿಗೆ ಒಂದು ಆಟ ಅನ್ನುವುದಾದರೆ ಎಲೆ ಹಂಚುವ ಮೊದಲೇ ಹೇಳಬೇಕಿತ್ತು. ಆಗ ನಾನು ಆಟಕ್ಕೇ ಕೂರದೆ ಅಡುಗೆಮನೆಯಲ್ಲಿ ಭಾವನ ಜೊತೆ ಹರಟೆ ಹೊಡೆಯುತ್ತಿದ್ದೆ.

ನೀನು ಹೇಳುವುದಿಲ್ಲ. ಸರಿ, ಕೇಳಬೇಕಾದವರನ್ನೇ ಕೇಳಿದ್ದೇನೆ. ನಿನ್ನೆ ಮೇಷ್ಟ್ರಿಗೆ ಒಂದು ಕಾರ್ಡು ಹಾಕಿದೆ.

ತಮ್ಮ


ಮಾರ್ಚ್ ೨೧

ಏನು ಮಾಡಿದೆ ನೀನು? ಏನು ಮಾಡಿದೆ?

ಕಾರ್ಡು! ಬಿಚ್ಚಿದ ಕಾರ್ಡು! ನಾಲ್ಕು ಕಾಸಿನ ಲಕೋಟೆಗೂ ನಿನಗೆ ಗತಿ ಇರಲಿಲ್ಲವಾ? ಅಂಚೆಯವರು ತಂದು ನಿನ್ನ ಭಾವನ ಕೈಗೆ ಕೊಟ್ಟರು. ತಿಂಡಿಗೆ ಕೂತಿದ್ದೆವು. ಮೇಷ್ಟ್ರು ಕನ್ನಡಕ ಒಳಗೆ ಬಿಟ್ಟು ಬಂದಿದ್ದರು, “ನೀನೇ ಓದೋ” ಅಂದರು ಮಗನಿಗೆ. ಆ ಮನುಷ್ಯ ದಿನಪತ್ರಿಕೆ ಓದುವ ಹಾಗೆ ಗಟ್ಟಿಯಾಗಿ ಓದಿದರು. ‘ದಂತವೈದ್ಯೆಯ ಎದುರು ನೀವು ಎರಡು ಸಲ ಕೈ ಚಾಚಿ ಪಣ ಏರಿಸಿದಿರಿ, ಅಕ್ಕ ಸುಮ್ಮನಿದ್ದಳು. ನಾನು ಅದನ್ನೇ ಮಾಡಿದರೆ ತಡೆದಳು. ನೀವು ಗೆದ್ದದ್ದು ಆಟದಿಂದಲೋ ಸೊಸೆಯಿಂದಲೋ, ನೀವೇ ಹೇಳಿ.’

ಓದಿ ಮುಗಿಸಿ ನಿನ್ನ ಭಾವ ನಕ್ಕರು. “ಇದೇನಿದು, ಅಪ್ಪನಿಗೆ ಯಾಕೆ ಇವಳು ರಿಯಾಯಿತಿ ಕೊಡ್ತಾಳೆ?” ಅಂದರು. ನಾನು ನಗಲಿಲ್ಲ. ಮೇಷ್ಟ್ರು ಲೋಟ ಕೆಳಗಿಡಲು ಹೋದರು. ಚಹಾ ಮೇಜಿನ ಮೇಲೆಲ್ಲ ಚೆಲ್ಲಿತು. ಆಗ ನಿನ್ನ ಭಾವ ಆ ಕೈ ನೋಡಿದರು. ಅಷ್ಟು ದಿನ ಒಂದೇ ಮನೆಯಲ್ಲಿದ್ದೂ ನೋಡದ ಕೈ.

ಕಾರಣ ಬೇಕಿತ್ತಲ್ಲ ನಿನಗೆ, ತಗೋ. ಮೇಷ್ಟ್ರ ಕೈ ನಡುಗುತ್ತದೆ. ವಯಸ್ಸಿನ ನಡುಕ ಅಲ್ಲ, ಕಾಯಿಲೆ. ಅಂಗಡಿಗೆ ಬಂದು ಕನ್ನಡಕದ ಪುಟ್ಟ ತಿರುಪು ತಾವೇ ತಿರುಗಿಸಲು ಹೋಗಿ ಆಗದೆ ಕೂತಾಗ ನಾನು ಮೊದಲು ಕಂಡೆ. ನಾನೇ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಇನ್ನು ಹೆಚ್ಚುತ್ತಾ ಹೋಗುತ್ತದೆ ಅಂದರು. ಬರುವಾಗ ದಾರಿಯಲ್ಲಿ ನಿಂತು ಅವರು ಅಂದದ್ದು: “ಮಗನಿಗೂ ಹೇಳಬೇಡಮ್ಮ. ಅರ್ಧ ಊರಿಗೆ ಟೈಪಿಂಗ್ ಕಲಿಸಿದ ಕೈ ಇದು. ಇದರ ಬಗ್ಗೆ ಯಾರೂ ಅಯ್ಯೋ ಅನ್ನಬಾರದು.” ಮಾತು ಕೊಟ್ಟೆ. ಆ ಭಾನುವಾರ ಅವರ ಹಿಡಿಯಿಂದ ಬಿಲ್ಲೆ ಜಾರಿ ಎರಡು ಕಂತಿನಲ್ಲಿ ಬಿದ್ದಾಗ ನಾನು ಏನು ಹೇಳಬೇಕಿತ್ತು? ಎಲ್ಲರೆದುರು ‘ಎರಡು ಸಲ ಕೈ ಚಾಚಿದಿರಿ’ ಅಂದು ಎಲ್ಲರೂ ಆ ಕೈ ನೋಡುವ ಹಾಗೆ ಮಾಡಬೇಕಿತ್ತಾ? ನಿನ್ನ ಕೈ ನಡುಗುವುದಿಲ್ಲ. ಅದಕ್ಕೇ ನಿನ್ನನ್ನು ತಡೆದೆ.

ಈಗ ಮನೆಯಲ್ಲಿ ಯಾರೂ ಯಾರ ಜೊತೆಯೂ ಮಾತಾಡುತ್ತಿಲ್ಲ. ‘ನನ್ನ ಅಪ್ಪನ ಕಾಯಿಲೆ ನನಗಿಂತ ಮುಂಚೆ ನಿನಗೆ ಗೊತ್ತಿತ್ತು’ ಎಂದು ನಿನ್ನ ಭಾವನಿಗೆ ನನ್ನ ಮೇಲೆ ಸಿಟ್ಟು. ಮೇಷ್ಟ್ರು ಕೋಣೆ ಬಿಟ್ಟು ಬರುತ್ತಿಲ್ಲ, ನಾನು ಒಯ್ದ ಚಹಾ ಬಾಗಿಲಲ್ಲೇ ಆರುತ್ತದೆ.

ಸಮಾಧಾನ ಆಯಿತಾ? ನ್ಯಾಯ ಸಿಕ್ಕಿತಾ? ಇನ್ನು ನನಗೆ ಬರೆಯಬೇಡ.


ಮಾರ್ಚ್ ೨೭

ಅಕ್ಕಾ,

ಬರೆಯಬೇಡ ಅಂದೆ. ಬರೆಯುತ್ತೇನೆ.

ಕಾರ್ಡು ಹಾಕಿದ್ದು ತಪ್ಪು. ಅದಕ್ಕೆ ನೆಪ ಹೇಳುವುದಿಲ್ಲ. ನಿನ್ನ ಕಾಗದ ಓದಿದ ಮೇಲೆ ಕ್ರೇನ್ ಹತ್ತಲು ಆಗಲಿಲ್ಲ. ಮೈ ಸರಿಯಿಲ್ಲ ಎಂದು ಹೇಳಿ ಕೆಳಗೇ ಕೂತೆ. ಡುಮ್ಕಿ ಹೊಡೆದವನನ್ನೂ ಬೆನ್ನು ತಟ್ಟಿ ‘ಕೈ ನೋಡಬೇಡವೋ, ಹಾಳೆ ನೋಡು’ ಅನ್ನುತ್ತಿದ್ದರು ಮೇಷ್ಟ್ರು. ಅಂಥವರನ್ನು ನಾನು ಹಾಗೆ ಕೇಳಿಬಿಟ್ಟೆ.

ಆದರೂ ನಿನ್ನ ಮೇಲಿನ ಕೋಪ ಹೋಗಿಲ್ಲ, ಹೆಚ್ಚಾಗಿದೆ. ಕಾಯಿಲೆಯ ಸುದ್ದಿ ಹೇಳಬೇಡ, ಮಾತು ಕೊಟ್ಟಿದ್ದೀಯ. ಆದರೆ ಆಟ ಶುರುವಾಗುವ ಮುಂಚೆ ‘ಈ ಸಲದಿಂದ ಎಲ್ಲರೂ ಪಣವನ್ನು ಮೊದಲು ಬಾಯಲ್ಲಿ ಹೇಳಿ, ಆಮೇಲೆ ಕೈ ಹಾಕಿ. ಬಾಯಿ ಹೇಳಿದ್ದೇ ಲೆಕ್ಕ’ ಅಂದಿದ್ದರೆ ಏನಾಗುತ್ತಿತ್ತು? ಯಾರೂ ‘ಯಾಕೆ’ ಅಂತ ಕೇಳುತ್ತಿರಲಿಲ್ಲ. ಬಿಲ್ಲೆ ಎರಡು ಕಂತಲ್ಲಿ ಬೀಳಲಿ, ಹತ್ತು ಕಂತಲ್ಲಿ ಬೀಳಲಿ, ಅವರ ಮಾತು ನಿಲ್ಲುತ್ತಿತ್ತು. ಗುಟ್ಟೂ ಉಳಿಯುತ್ತಿತ್ತು, ಆಟವೂ ಉಳಿಯುತ್ತಿತ್ತು. ನಿಯಮವನ್ನು ಎಲ್ಲರಿಗೂ ಬದಲಾಯಿಸುವುದು ಬಿಟ್ಟು ಒಬ್ಬರಿಗೆ ಮಾತ್ರ ಕಣ್ಣು ಮುಚ್ಚಿದೆ. ಅದು ದಯೆ ಅಂದುಕೊಂಡಿದ್ದೀಯ. ನನಗೆ ಅದು ಸೋಮಾರಿತನದ ಹಾಗೆ ಕಾಣುತ್ತದೆ.

ಇನ್ನೊಂದು. ಮೇಷ್ಟ್ರಿಗೆ ಇದು ಬೇಕಿತ್ತಾ ಅಂತ ಅವರನ್ನು ಒಂದು ಮಾತು ಕೇಳಿದ್ದೆಯಾ?

ಅವರಿಗೆ ಬೇರೆ ಕ್ಷಮಾಪಣೆ ಬರೆದಿದ್ದೇನೆ, ಲಕೋಟೆಯಲ್ಲಿ. ಕೊಡು. ಕೊಡದಿದ್ದರೆ ಅದೂ ನಿನ್ನ ಪಾಪಕ್ಕೇ.

ತಮ್ಮ


ಏಪ್ರಿಲ್ ೧೪

ತಮ್ಮಾ,

ಕೊಟ್ಟೆ. ಓದಿ ಜೇಬಿಗೆ ಹಾಕಿಕೊಂಡರು. ಮರುದಿನ ತಾವೇ ಕೂತು ಎಲ್ಲರಿಗೂ ಫೋನ್ ಮಾಡಿದರು. ಭಾನುವಾರ ಮಧ್ಯಾಹ್ನ ಅವತ್ತು ಆಡಿದವರೆಲ್ಲ ಬರಬೇಕು ಅಂತ. ಆಟಕ್ಕೆ ಅಂದುಕೊಂಡು ನಾನು ಕುರ್ಚಿ ಹಾಕಿ, ಎಲೆ ಕಲಸಿ ಇಟ್ಟೆ.

ಎಲ್ಲರೂ ಬಂದರು. ಮೇಷ್ಟ್ರು ಕೂರಲಿಲ್ಲ. ಬಲಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಹಸಿರು ಬಟ್ಟೆಯ ಮೇಲಿಟ್ಟರು. ಅದು ತನ್ನ ಪಾಡಿಗೆ ತಾನು ನಡುಗುತ್ತಿತ್ತು.

“ನೋಡ್ಕೊಳ್ಳಿ. ನೋಡಿ ಮುಗಿಸಿಬಿಡಿ,” ಅಂದರು. “ಕೈ ನಡುಗುತ್ತೆ. ನಾಲಿಗೆ ನಡುಗಲ್ಲ, ಬುದ್ಧಿ ನಡುಗಲ್ಲ. ಅವತ್ತು ನಾನು ಎಲ್ಲಾ ಬಿಲ್ಲೆ ಒಂದೇ ಸಲ ಇಡಬೇಕು ಅಂತಿದ್ದೆ. ಅರ್ಧ ಜಾರಿತು. ಆದ್ರೆ ಅದು ನನಗೆ ಗೊತ್ತು, ನಿಮಗೆ ಹೇಗೆ ಗೊತ್ತಾಗಬೇಕು? ನಡುಕವೋ ನಾಟಕವೋ ಅಂತ ಯಾರು ಹೇಳೋರು? ಅದಕ್ಕೇ ಅಲ್ವಾ ನಿಯಮ ಇರೋದು?”

ಆಮೇಲೆ ನನ್ನ ಕಡೆ ತಿರುಗಿದರು. ಅವರ ದನಿ ಅಷ್ಟು ಏರಿದ್ದನ್ನು ನಾನು ಈ ಮನೆಗೆ ಬಂದಮೇಲೆ ಕೇಳಿರಲಿಲ್ಲ.

“ಗುಟ್ಟು ಇಟ್ಕೋ ಅಂದೆ ನಿನಗೆ. ದಯೆ ಇಟ್ಕೋ ಅಂದ್ನಾ? ಹುಡುಗ ಕಾರ್ಡಲ್ಲಿ ಬೈದ, ಉರೀತು. ಆದ್ರೆ ಅವನು ನನ್ನನ್ನ ಆಟಗಾರ ಅಂತ ತಿಳ್ಕೊಂಡು ಬೈದ. ನೀನು ನನ್ನನ್ನ ರೋಗಿ ಮಾಡಿಬಿಟ್ಟೆ, ಅದೂ ನನಗೆ ಹೇಳದೇನೇ. ನಾನು ಗೆದ್ದೆ ಅಂತ ಮೇಜು ಸವರಿಕೊಂಡು ಓಡಾಡ್ತಿದ್ನಲ್ಲ, ಎಂಥಾ ಕೋಡಂಗಿ ಹಾಗೆ ಕಂಡಿರಬೇಕು!”

ನಿನ್ನ ಭಾವ “ಅಪ್ಪ, ಸಾಕು ಬಿಡಿ” ಅಂದರು. “ನೀನು ಸುಮ್ನಿರು, ಕಣ್ಣೆದುರಿನ ಕೈ ಕಾಣದೋನು” ಅಂತ ಅವರಿಗೂ ಬಿತ್ತು.

ಇನ್ನು ನೀನು ‘ಮೇಜು ನನ್ನದು’ ಎಂದು ಕುಣಿಯುವ ಮುಂಚೆ ಪೂರ್ತಿ ಓದು. ಮೇಷ್ಟ್ರು ದಂತವೈದ್ಯೆಯನ್ನು ಕೇಳಿದರು. “ಅವತ್ತು ನಿಮ್ಮ ಕೈಲಿ ಏನಿತ್ತು?”

“ಜೋಡಿ ರಾಣಿ,” ಅಂದಳು ಅವಳು.

“ನನ್ನ ಹತ್ರ ಏನೂ ಇರ್ಲಿಲ್ಲ. ಹೆದರಿಸೋಕೆ ಏರಿಸಿದ್ದು. ಮೊದಲು ಬಿದ್ದಷ್ಟಕ್ಕೇ ನಿಲ್ಲಿಸಿದ್ದಿದ್ರೆ ನೀವು ಎಲೆ ಬಿಡ್ತಿರ್ಲಿಲ್ಲ, ನನ್ನ ಅರ್ಧ ಬಿಲ್ಲೆ ಹೋಗಿ ಬೇಗ ಮುಗೀತಿದ್ದೆ. ಕೊನೇ ಆಟದಲ್ಲಿ ಆ ಹುಡುಗನ ಎದುರು ಕೂರೋ ಹಕ್ಕು ನಿಮ್ಮದಿತ್ತು.” ಹಾಗೆಂದು ನನ್ನನ್ನು ನೋಡಿದರು. “ಅಕ್ಕ ತಮ್ಮ ಇಬ್ಬರೂ ಇಷ್ಟು ದಿನ ಕಾಗದದ ಮೇಲೆ ಕಿತ್ತಾಡಿದ್ರಿ. ಅನ್ಯಾಯ ಆಗಿದ್ದು ಇವರಿಗೆ. ಒಬ್ಬರಾದ್ರೂ ಇವರ ಮನೆ ಬಾಗಿಲು ತಟ್ಟಿದ್ರಾ?”

ತಟ್ಟಿರಲಿಲ್ಲ. ನಿನ್ನ ಕಾಗದಗಳನ್ನು ಮತ್ತೆ ತೆಗೆದು ನೋಡಿದೆ, ನಿನಗೂ ಅವಳು ಒಂದು ಸಾಕ್ಷಿಯಷ್ಟೇ. ನನಗೆ ಅದೂ ಅಲ್ಲ.

ಈ ವರ್ಷ ಮೇಜು ಅವಳ ಮನೆಗೆ ಅಂದರು ಮೇಷ್ಟ್ರು. ನಾಲ್ಕು ಜನ ಸೇರಿ ಅದನ್ನು ಅಡ್ಡ ಮಾಡಿ ಬಾಗಿಲು ದಾಟಿಸಿದರು. ಅವಳು ಬೇಡ ಅನ್ನಲಿಲ್ಲ. ಅನ್ನುತ್ತಾಳೆ ಅಂದುಕೊಂಡಿದ್ದೆ ನಾನು.

ಮಾರನೇ ದಿನ ಅವಳ ಚಿಕಿತ್ಸಾಲಯಕ್ಕೆ ಹೋದೆ. ಕುರ್ಚಿಯಲ್ಲಿ ಒಬ್ಬರು ದವಡೆ ತುಂಬ ಹತ್ತಿ ಇಟ್ಟುಕೊಂಡು ಬಾಯಿ ತೆಗೆದು ಒರಗಿದ್ದರು. “ತಪ್ಪಾಯಿತು ಕಣೇ” ಅಂದೆ. ಅವಳು ಅವರಿಗೆ “ಹಾಗೇ ಬಾಯಿ ತೆಗೆದಿರಿ” ಅಂದು ನನ್ನ ಕಡೆ ತಿರುಗಿದಳು.

“ನನಗೆ ಅವತ್ತೇ ಕಾಣಿಸ್ತು. ನೀನೂ ನೋಡಿದ್ದು ಕಾಣಿಸ್ತು. ಎಲೆ ಹಂಚೋಳು ನೀನು, ತೀರ್ಪು ಹೇಳೋಳು ನೀನು. ನೀನೇ ಸುಮ್ನಿದ್ಮೇಲೆ ನಾನು ಬಾಯಿ ಬಿಟ್ರೆ ವಯಸ್ಸಾದೋರ ಮೇಲೆ ಬಿದ್ದೋಳು ಅನ್ನಿಸ್ಕೊಬೇಕು, ಬಿಡದಿದ್ರೆ ಸೋಲಬೇಕು. ಆ ಇಕ್ಕಟ್ಟಿಗೆ ನನ್ನ ತಳ್ಳಿ, ನೀನು ಆರಾಮಾಗಿ ಕನ್ನಡಕ ಒರೆಸಿಕೊಂಡೆ. ದಾನಶೂರೆ ನೀನು! ಆದ್ರೆ ದಾನ ಮಾಡಿದ್ದು ನನ್ನ ಬಿಲ್ಲೆ.”

ಬಾಯಿ ತೆಗೆದವರು ‘ಹ್ಞಾಂ’ ಎಂದು ತಲೆ ಆಡಿಸಿದರು. ಗುರುತು ಪರಿಚಯವಿಲ್ಲದವರ ಬಾಯಲ್ಲೂ ನನ್ನ ವಿರುದ್ಧ ತೀರ್ಪು. ಹೊರಟು ಬಂದೆ.

ಮುಂದಿನ ಆಟ, ಮೇಜಿನ ಪಣವಿಲ್ಲದ್ದು, ಅವಳ ಮನೆಯಲ್ಲಿ, ಮೇ ತಿಂಗಳ ಮೊದಲ ಭಾನುವಾರ. ಆಟಕ್ಕೆ ಮುಂಚೆ ನಿಯಮಗಳನ್ನು ಗಟ್ಟಿಯಾಗಿ ಓದುವರಂತೆ. ಪಣ ಮೊದಲು ಬಾಯಲ್ಲಿ, ಆಮೇಲೆ ಕೈಯಲ್ಲಿ, ಎಲ್ಲರಿಗೂ. ಎಲೆ ಹಂಚಿ ತೀರ್ಪು ಹೇಳುವವರು ಅವಳ ಕಟ್ಟಡದ ಕೆಳಗಿನ ಔಷಧಿ ಅಂಗಡಿಯವರು, ಯಾರ ನೆಂಟರೂ ಅಲ್ಲ. ಮೇಷ್ಟ್ರು ಹೋಗುತ್ತಾರೆ, ನಿನ್ನ ಭಾವನೂ. ನಿನಗೂ ಕುರ್ಚಿ ಇದೆಯಂತೆ. ಮೇಷ್ಟ್ರು ಹೇಳಿಕಳಿಸಿದ್ದು: “ಅವನು ಕೇಳಿದ್ದು ಸರಿ. ಕೇಳಿದ ರೀತಿಗೆ ಬೆನ್ನಿಗೆ ಎರಡು ಬಿಗೀಬೇಕು, ಬರೋಕೆ ಹೇಳು.”

ನನ್ನನ್ನು ಯಾರೂ ಕರೆದಿಲ್ಲ. ನಿನ್ನ ಮೇಲೆ ಈಗಲೂ ಕೋಪವಿದೆ. ಅದರಲ್ಲಿ ನನ್ನ ಪಾಲೆಷ್ಟು, ನಿನ್ನದೆಷ್ಟು ಅಂತ ಬೇರೆ ಮಾಡಲು ಆಗುತ್ತಿಲ್ಲ, ಅದಕ್ಕೆ ಇನ್ನೂ ಕೋಪ.

ಅಕ್ಕ


ಏಪ್ರಿಲ್ ೨೦

ಅಕ್ಕಾ,

ನಿನ್ನನ್ನು ಕರೆಯದ ಮನೆಗೆ ನಾನೂ ಹೋಗುವುದಿಲ್ಲ ಎಂದು ಮೊದಲು ಬರೆದೆ. ಹರಿದು ಹಾಕಿದೆ. ನನ್ನ ಅಕ್ಕ ಎಂಬ ಕಾರಣಕ್ಕೆ ನಿನಗೊಂದು ರಿಯಾಯಿತಿ ಕೇಳಿದರೆ ಇಷ್ಟು ಕಾಗದ ಬರೆದದ್ದಕ್ಕೆ ಅರ್ಥವೇ ಇಲ್ಲ. ನಾನು ಹೋಗಿ ಆಡುತ್ತೇನೆ. ನಿನ್ನ ಪರವಾಗಿ ಅಲ್ಲಿ ಒಂದು ಮಾತೂ ಆಡುವುದಿಲ್ಲ. ನಿನ್ನ ವಿರುದ್ಧವೂ.

ದಂತವೈದ್ಯೆಯನ್ನು ನಾನು ಮರೆತದ್ದು ನಿಜ. ಅವರಿಗೂ ಬರೆದೆ. ಒಂದೇ ಸಾಲಿನ ಉತ್ತರ ಬಂತು: ‘ಆಟಕ್ಕೆ ಬನ್ನಿ, ಸುಮ್ಮನೆ ಬಿಡುವುದಿಲ್ಲ.’ ನಿನ್ನ ಸುದ್ದಿ ಅದರಲ್ಲಿರಲಿಲ್ಲ. ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಅದು ನೀನೇ ಮತ್ತೆ ಹೋಗಿ ಕೇಳಬೇಕಾದದ್ದು. ಈ ಸಲ ಕುರ್ಚಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು ಹೋಗು.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಭಾವ ನಿಲ್ದಾಣಕ್ಕೆ ಬರುವುದು ಬೇಡ, ದಾರಿ ಗೊತ್ತಿದೆ. ನಿನ್ನ ಮನೆಯಲ್ಲೇ ಉಳಿಯುತ್ತೇನೆ. ಭಾನುವಾರ ಅವರೆಲ್ಲ ಹೊರಟ ಮೇಲೆ ಖಾಲಿ ಹಜಾರದಲ್ಲಿ ನೀನೊಬ್ಬಳೇ ಕೂರುತ್ತೀಯಲ್ಲ, ಅದನ್ನು ನೆನೆಸಿಕೊಂಡರೆ ಹೊರಡುವುದೇ ಬೇಡ ಅನ್ನಿಸುತ್ತದೆ. ಆದರೂ ಚಪ್ಪಲಿ ಮೆಟ್ಟಿಕೊಂಡು ಮೇಷ್ಟ್ರ ಜೊತೆ ಹೊರಡುತ್ತೇನೆ. ಬೈಯುವುದಿದ್ದರೆ ಶನಿವಾರವೇ ಬೈದು ಮುಗಿಸು, ಎದುರಿಗೆ ಕೂತು, ಗಟ್ಟಿಯಾಗಿ. ನಡುವೆ ನಾನೂ ಬಾಯಿ ಹಾಕುತ್ತೇನೆ.

ನಿನ್ನ ತಮ್ಮ